ಕಲ್ಲಿನ ಮೈ ಉಜ್ಜಿದವರು: ಎಡೆದೊರೆ ನಾಡಿನ ಒಂದು ಹಳೆಯ ತಂತ್ರ

ನಿಮ್ಮ ಮನೆಯಲ್ಲಿ ಬೀಸುವ ಕಲ್ಲು ಇದೆಯೇ? ಇದ್ದರೆ ಮೇಲಿನ ಕಲ್ಲನ್ನು ಎತ್ತಿ ಅದರ ಒಳಮೈಯನ್ನು ಬೆರಳಿನಿಂದ ಸವರಿ ನೋಡಿ. ಬಹಳ ಕಾಲ ಬೀಸಿದ ಕಲ್ಲು ನುಣುಪಾಗಿರುತ್ತದೆ. ನುಣುಪಾದ ಕಲ್ಲಿನಲ್ಲಿ ಜೋಳ ಒಡೆಯುವುದಿಲ್ಲ, ಜಾರುತ್ತದೆ. ಹಾಗಾದಾಗ ಊರೂರು ತಿರುಗುವ ಕಲ್ಲುಕುಟಿಗರು ಮನೆಯಂಗಳದಲ್ಲೇ ಕುಳಿತು, ಉಳಿ ಸುತ್ತಿಗೆಗಳಿಂದ ಸಣ್ಣ ಸಣ್ಣ ಗುಳಿ ಮಾಡಿ ಕಲ್ಲಿನ ಮೈಯನ್ನು ಮತ್ತೆ ಒರಟು ಮಾಡಿಕೊಡುತ್ತಿದ್ದರು. ನುಣುಪೆಂದರೆ ಒಳ್ಳೆಯದು, ಒರಟೆಂದರೆ ಕೆಟ್ಟದ್ದು ಎಂದೇನೂ ಇಲ್ಲ. ಯಾವ ಕೆಲಸಕ್ಕೆ ಯಾವ ಮೈ ಬೇಕು ಎಂಬುದೇ ಮುಖ್ಯ.

ಇದೇ ಮಾತು ಬೌಲಿಂಗ್ ಚೆಂಡಿಗೂ ಅನ್ವಯಿಸುತ್ತದೆ. ಇಂದು ದೊಡ್ಡ ನಗರಗಳ ಮಾಲ್‌ಗಳಲ್ಲಿ ನೀವು ಈ ಆಟವನ್ನು ನೋಡಿರಬಹುದು. ಸುಮಾರು 21.6 ಸೆಂ.ಮೀ. ವ್ಯಾಸದ, ಹೆಚ್ಚೆಂದರೆ 7.25 ಕಿ.ಗ್ರಾಂ ತೂಕದ ಚೆಂಡನ್ನು ಎಣ್ಣೆ ಸವರಿದ ಹಾದಿಯಲ್ಲಿ ಉರುಳಿಸುತ್ತಾರೆ. ಚೆಂಡು ಸವೆದಾಗ ಕೆಲವರು ಮನೆಯಲ್ಲೇ ಅದರ ಮೈಯನ್ನು ಹೊಸದು ಮಾಡಿಕೊಳ್ಳುತ್ತಾರೆ. ನೀರು ಚಿಮುಕಿಸಿ, ಮೊದಲು 500 ಅಂಕದ ಒರಟು ಉಜ್ಜುಬಿಲ್ಲೆ, ಆಮೇಲೆ 1000, 2000, 4000 ಎಂದು ನುಣುಪಾದ ಬಿಲ್ಲೆಗಳಿಂದ ಉಜ್ಜುತ್ತಾರೆ. ಅಂಕ ಹೆಚ್ಚಾದಂತೆ ಉಜ್ಜುವ ಕಣ ಸಣ್ಣದು. ಮೈ ಒರಟಾಗಿದ್ದರೆ ಚೆಂಡು ಹಾದಿಯನ್ನು ಬೇಗ ಹಿಡಿದು ತಿರುಗುತ್ತದೆ. ಹೊಳಪಾಗಿದ್ದರೆ ಎಣ್ಣೆಯ ಮೇಲೆ ಹೆಚ್ಚು ದೂರ ಜಾರಿ ಆಮೇಲೆ ತಿರುಗುತ್ತದೆ.

ದೊಡ್ಡ ಗೀರನ್ನು ಸಣ್ಣ ಗೀರಿನಿಂದ, ಸಣ್ಣ ಗೀರನ್ನು ಇನ್ನೂ ಸಣ್ಣ ಗೀರಿನಿಂದ ಅಳಿಸುತ್ತ ಹೋಗುವುದೇ ಉಜ್ಜುವಿಕೆಯ ನಿಯಮ. ನ್ಯೂಟನ್ 1704ರಲ್ಲಿ ಪ್ರಕಟಿಸಿದ ‘ಆಪ್ಟಿಕ್ಸ್’ ಗ್ರಂಥದಲ್ಲಿ ಗಾಜಿನ ಹೊಳಪನ್ನು ಹೀಗೆಯೇ ವಿವರಿಸಿದ. ಆದರೆ ಈ ನಿಯಮವನ್ನು ಕೈಯಿಂದ ಬಲ್ಲವರು ಅವನಿಗಿಂತ ಮೂರು ನಾಲ್ಕು ಸಾವಿರ ವರ್ಷ ಮೊದಲೇ ನಮ್ಮ ನೆಲದಲ್ಲಿದ್ದರು.

ಎರಡು ಹೊಳೆಗಳ ನಡುವಿನ ನೆಲ

ದೇವದುರ್ಗ ತಾಲ್ಲೂಕಿನ ಗೂಗಲ್ ಕೃಷ್ಣೆಯ ದಡದ ಊರು. ಅಲ್ಲಿಂದ ದಕ್ಷಿಣಕ್ಕೆ ಮಾನ್ವಿಯನ್ನು ದಾಟಿ ಹೋದರೆ ತುಂಗಭದ್ರೆ. ಈ ಎರಡು ಹೊಳೆಗಳ ನಡುವಿನ ಪ್ರದೇಶಕ್ಕೆ ಹಳಗನ್ನಡ ಶಾಸನಗಳಲ್ಲಿ ಎಡೆದೊರೆ ಎಂಬ ಹೆಸರಿದೆ. ಇಲ್ಲಿನ ನೆಲದ ತಳಪಾಯ ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಮತ್ತು ನೈಸ್ ಶಿಲೆ. ಅದರ ಬಿರುಕುಗಳಲ್ಲಿ ಕರಗಿದ ಶಿಲಾರಸ ನುಗ್ಗಿ ಗಟ್ಟಿಯಾಗಿ ಕಪ್ಪು ಪಟ್ಟಿಗಳಾಗಿ ನಿಂತಿದೆ. ಇದೇ ಡಾಲರೈಟ್. ಭೂವಿಜ್ಞಾನಿಗಳು ಇಂಥ ಪಟ್ಟಿಗಳನ್ನು ಡೈಕ್ ಎನ್ನುತ್ತಾರೆ.

ಕ್ರಿ.ಪೂ. 3000ದಿಂದ 1200ರ ನಡುವೆ ಇಲ್ಲಿ ದನ ಸಾಕಿ, ಹುರುಳಿ, ಹೆಸರು, ಸಣ್ಣ ಧಾನ್ಯ ಬೆಳೆದ ನವಶಿಲಾಯುಗದ ಜನರಿಗೆ ಮರ ಕಡಿಯಲು ಕೊಡಲಿ ಬೇಕಿತ್ತು. ಅವರು ಆರಿಸಿಕೊಂಡದ್ದು ಡಾಲರೈಟನ್ನು. ಅದರ ಖನಿಜಗಳ ಹರಳು ಸಣ್ಣವು ಮತ್ತು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಆದ್ದರಿಂದ ಪೆಟ್ಟು ತಾಳುತ್ತದೆ.

ಕೊಡಲಿ ಮಾಡುವುದರಲ್ಲಿ ನಾಲ್ಕು ಹಂತಗಳಿದ್ದವು. ಮೊದಲು ದೊಡ್ಡ ಚಕ್ಕೆಗಳನ್ನು ಎಬ್ಬಿಸಿ ಸ್ಥೂಲ ಆಕಾರ ಕೊಡುವುದು. ಎರಡನೆಯದು, ಕಲ್ಲಿನ ಗುಂಡಿನಿಂದ ಸಣ್ಣಗೆ ಕುಟ್ಟಿ ಏಣುಗಳನ್ನು ಇಳಿಸುವುದು. ಬೀಸುವ ಕಲ್ಲಿಗೆ ಕಲ್ಲುಕುಟಿಗ ಮಾಡುವುದೂ ಇದೇ ಕೆಲಸ. ಮೂರನೆಯದು, ಬಂಡೆಯ ಮೇಲೆ ಮರಳು ನೀರು ಹಾಕಿ ಉಜ್ಜುವುದು. ಕೊನೆಯದು ಹೊಳಪು ಕೊಡುವುದು. ಎಲ್ಲ ಕೊಡಲಿಗಳಿಗೂ ಪೂರ್ತಿ ಹೊಳಪು ಕೊಡುತ್ತಿರಲಿಲ್ಲ ಎಂಬುದನ್ನು ಗಮನಿಸಿ. ಅಲಗನ್ನು ಮಾತ್ರ ಉಜ್ಜಿ, ಹಿಡಿಗೆ ಸಿಗಿಸುವ ಭಾಗವನ್ನು ಒರಟಾಗಿಯೇ ಬಿಟ್ಟ ಕೊಡಲಿಗಳು ಬಹಳ ಸಿಕ್ಕಿವೆ.

ಏಕೆ ಉಜ್ಜಬೇಕು?

ಚಕ್ಕೆ ಎಬ್ಬಿಸಿದ ಅಲಗೂ ಹರಿತವೇ. ಆದರೂ ಉಜ್ಜುವ ಶ್ರಮವೇಕೆ? ಇದಕ್ಕೆ ಉತ್ತರ ಕೊಡಲು 1921ರಲ್ಲಿ ಪ್ರಕಟವಾದ ಎ. ಎ. ಗ್ರಿಫಿತ್‌ರ ಸಂಶೋಧನೆ ನೆರವಾಗುತ್ತದೆ. ಗಾಜಿನಂಥ ಪೆಡಸು ವಸ್ತುಗಳು ಒಡೆಯುವುದು ಅವುಗಳಲ್ಲಿರುವ ಸೂಕ್ಷ್ಮ ಬಿರುಕುಗಳಿಂದ ಎಂದು ಅವರು ತೋರಿಸಿದರು. ಬಲವೆಲ್ಲ ಬಿರುಕಿನ ತುದಿಯಲ್ಲಿ ಒಟ್ಟುಗೂಡುತ್ತದೆ. ಚಕ್ಕೆ ಎದ್ದ ಅಲಗಿನಲ್ಲಿ ಇಂಥ ಕಚ್ಚುಗಳು ಹೆಚ್ಚು. ಮರಕ್ಕೆ ಬಿದ್ದ ಪ್ರತಿ ಏಟಿಗೂ ಅದು ಒಡೆಯುವ ಭಯ. ಉಜ್ಜಿದರೆ ಆ ಕಚ್ಚುಗಳು ಮಾಯವಾಗುತ್ತವೆ. ಅಲಗು ಮೊಂಡಾದರೆ ಕಲ್ಲನ್ನು ಎಸೆಯಬೇಕಿಲ್ಲ, ಮತ್ತೆ ಉಜ್ಜಿದರಾಯಿತು.

ಉಜ್ಜುವ ಕಲ್ಲು ಗ್ರಾನೈಟೇ ಏಕೆ? ಮೋಸ್ ಕಾಠಿಣ್ಯ ಮಾಪಕವನ್ನು ನೆನಪಿಸಿಕೊಳ್ಳಿ. ಡಾಲರೈಟಿನ ಮುಖ್ಯ ಖನಿಜಗಳಾದ ಫೆಲ್ಡ್‌ಸ್ಪಾರ್ ಮತ್ತು ಪೈರಾಕ್ಸೀನ್‌ಗಳ ಕಾಠಿಣ್ಯ 5ರಿಂದ 6ರ ಆಸುಪಾಸು. ಗ್ರಾನೈಟಿನಲ್ಲಿಯೂ ಹೊಳೆಯ ಮರಳಿನಲ್ಲಿಯೂ ಇರುವ ಬೆಣಚುಕಲ್ಲಿನದು 7. ಗಟ್ಟಿಯದು ಮೆದುವಿನದನ್ನು ಗೀರುತ್ತದೆ. ನೀರು ಸವೆದ ಪುಡಿಯನ್ನು ತೊಳೆದು ಹೊಸ ಮೈಯನ್ನು ತೆರೆಯುತ್ತದೆ. ಬೌಲಿಂಗ್ ಚೆಂಡಿನ ಮೇಲೆ ನೀರು ಚಿಮುಕಿಸುವುದಕ್ಕೂ ಇದೇ ಕಾರಣ.

ಅಕ್ಷರವಿಲ್ಲದ ಶಾಸನ

ಉಜ್ಜುವಾಗ ಸವೆಯುವುದು ಕೊಡಲಿ ಮಾತ್ರವಲ್ಲ, ಕೆಳಗಿನ ಬಂಡೆಯೂ ಸವೆಯುತ್ತದೆ. ಅದರಲ್ಲಿ ದೋಣಿಯಾಕಾರದ ನುಣುಪು ತೋಡುಗಳು ಉಳಿಯುತ್ತವೆ. ಕೊಡಲಿಯನ್ನು ಯಾರಾದರೂ ಎತ್ತಿಕೊಂಡು ಹೋಗಬಹುದು. ತೋಡು ಇದ್ದಲ್ಲೇ ಇದ್ದು, ಕೆಲಸ ನಡೆದ ಜಾಗವನ್ನು ಹೇಳುತ್ತದೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ (1834–1912) ಬಳ್ಳಾರಿ ಸೀಮೆಯಲ್ಲಿ ಓಡಾಡುವಾಗ ಇಂಥ ನೆಲೆಗಳನ್ನು ದಾಖಲಿಸಿದರು. ಮುದಗಲ್ಲಿನ ಸಮೀಪದ ಪಿಕ್ಲಿಹಾಳದಲ್ಲಿ ಎಫ್. ಆರ್. ಆಲ್ಚಿನ್ ಉತ್ಖನನ ಮಾಡಿ 1960ರಲ್ಲಿ ವರದಿ ಪ್ರಕಟಿಸಿದರು. ಅದಕ್ಕೂ ಮೊದಲು, 1957ರಲ್ಲಿ, ಉತ್ತರ ಕರ್ನಾಟಕದ ನವಶಿಲಾಯುಗದ ಕಲ್ಲಿನ ಉಪಕರಣಗಳ ಬಗ್ಗೆಯೇ ಅವರು ಒಂದು ಲೇಖನ ಬರೆದಿದ್ದರು. ತುಂಗಭದ್ರೆಯ ಆಚೆ, ಬಳ್ಳಾರಿ ಬಳಿಯ ಸಂಗನಕಲ್ಲಿನಲ್ಲಿ ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರ ಅಧ್ಯಯನದಿಂದ ಹಿರೇಗುಡ್ಡದಲ್ಲಿ ಕ್ರಿ.ಪೂ. ಎರಡನೆಯ ಸಹಸ್ರಮಾನದಲ್ಲಿ ಕೊಡಲಿಗಳ ಕಾರ್ಖಾನೆಯೇ ಇತ್ತೆಂಬುದು ವಿವರವಾಗಿ ತಿಳಿದಿದೆ.

1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ಮಸ್ಕಿಯಲ್ಲಿ ಅಶೋಕನ ಶಾಸನವನ್ನು ಗುರುತಿಸಿದ. ಅಕ್ಷರವಿದ್ದುದರಿಂದ ಆ ಬಂಡೆ ಉಳಿಯಿತು. ತೋಡುಗಳಿರುವ ಬಂಡೆಗೆ ಆ ಭಾಗ್ಯವಿಲ್ಲ. ಕಲ್ಲುಗಣಿಯವನ ಕಣ್ಣಿಗೆ ಅದು ಬರಿಯ ಜಲ್ಲಿ. ಸಂಗನಕಲ್ಲಿನ ಗುಡ್ಡಗಳಲ್ಲೇ ಗಣಿಗಾರಿಕೆಯಿಂದ ಹಾನಿಯಾಗಿದೆ. ಒಡೆದ ಬಂಡೆಯನ್ನು ಮತ್ತೆ ಜೋಡಿಸಲಾಗದು.

ನೀವು ಏನು ಮಾಡಬಹುದು?

ಅಧ್ಯಾಪಕರೇ, ಮೊದಲು ಶಾಲೆಯ ಅಂಗಳದಲ್ಲಿ ಒಂದು ಪ್ರಯೋಗ ಮಾಡಿಸಿ. ರಸ್ತೆಗೆ ಹಾಕುವ ಕಪ್ಪು ಜಲ್ಲಿಯ ಒಂದು ತುಂಡು, ಒಂದು ಗ್ರಾನೈಟ್ ಚಪ್ಪಡಿ, ಮರಳು, ನೀರು ಇದ್ದರೆ ಸಾಕು. ವಿದ್ಯಾರ್ಥಿಗಳು ಸರದಿಯಂತೆ ಹತ್ತು ಹತ್ತು ನಿಮಿಷ ಉಜ್ಜಲಿ. ಆರಂಭದಲ್ಲಿಯೂ ಕೊನೆಯಲ್ಲಿಯೂ ಕಲ್ಲನ್ನು ತೂಗಿ, ಮೈಯನ್ನು ಭೂತಕನ್ನಡಿಯಲ್ಲಿ ನೋಡಿ ಬರೆದಿಡಲಿ. ಎಷ್ಟು ಕಡಿಮೆ ಸವೆಯಿತು ಎಂಬುದು ತಿಳಿದಾಗ ಒಂದು ಕೊಡಲಿಯ ಬೆಲೆ ಅವರಿಗೆ ಅರ್ಥವಾಗುತ್ತದೆ.

ಆಮೇಲೆ ನಿಮ್ಮೂರ ಗುಡ್ಡದ ಬಂಡೆಗಳನ್ನು, ವಿಶೇಷವಾಗಿ ನೀರು ನಿಲ್ಲುವ ಕಡೆಯಲ್ಲಿ, ನೋಡಿ. ಉದ್ದನೆಯ ನುಣುಪು ತೋಡು ಕಂಡರೆ ಉದ್ದ, ಅಗಲ, ಆಳ ಅಳೆದು ಚಿತ್ರ ತೆಗೆಯಿರಿ. ಉಜ್ಜಿದ ಕೊಡಲಿ ಸಿಕ್ಕರೆ ಮನೆಗೆ ಒಯ್ಯಬೇಡಿ. ಸಿಕ್ಕ ಜಾಗ ಮರೆತುಹೋದರೆ ಅದರ ಅರ್ಧ ಇತಿಹಾಸ ಹೋದಂತೆ. ಜಾಗವನ್ನು ಗುರುತು ಹಾಕಿಕೊಂಡು ಪುರಾತತ್ವ ಇಲಾಖೆಗೆ ತಿಳಿಸಿ. ಎಡೆದೊರೆಯಲ್ಲಿ ಯಾರೂ ನೋಡದ ತೋಡುಗಳು ಇನ್ನೂ ಇರಬಹುದು. ಅವುಗಳನ್ನು ಕಲ್ಲುಗಣಿಯ ಯಂತ್ರಕ್ಕಿಂತ ಮೊದಲು ನಿಮ್ಮ ವಿದ್ಯಾರ್ಥಿಗಳು ನೋಡಲಿ.