ಲೆವಿ: ನವಲಗುಂದದ ಒಂದು ಪದದ ಕಥೆ

ಪಿಎಚ್‌ಡಿ ಪ್ರಬಂಧದ ಮೂರನೆಯ ಅಧ್ಯಾಯವನ್ನು ತಿದ್ದುವಾಗ ಒಂದು ಕೆಲಸ ಮಾಡಿದ್ದೆ. ‘ಬೆಟರ್‌ಮೆಂಟ್ ಲೆವಿ’ ಎಂದು ಬಂದ ಕಡೆಯಲ್ಲೆಲ್ಲ ‘ಅಭಿವೃದ್ಧಿ ಕರ’ ಎಂದು ಹಾಕಿದ್ದೆ. ಕನ್ನಡದಲ್ಲಿ ಬರೆಯುವಾಗ ಕನ್ನಡದ ಪದವೇ ಇರಲಿ ಎಂಬ ಸದಾಶಯ ಅಷ್ಟೇ. ಆ ಹಾಳೆಗಳನ್ನು ಹಿಡಿದು ನವಲಗುಂದ ತಾಲ್ಲೂಕಿನ ಒಂದು ಹಳ್ಳಿಗೆ ಹೋದಾಗ, 1980ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದ ಹಿರಿಯರೊಬ್ಬರು ಎರಡು ಪುಟ ಓದಿಸಿಕೊಂಡು ಕೇಳಿದರು. ಆಮೇಲೆ ತಲೆ ಅಲ್ಲಾಡಿಸಿ, “ಕರ ಅಂತ ಯಾಕ ಬರದೀರಿ? ಕರ ಕೊಡೋದು ನಮಗೇನು ಹೊಸಾದಲ್ಲ. ಲೆವಿ ಬ್ಯಾರೇನ” ಅಂದರು.

ಹೇಗೆ ಬೇರೆ ಎಂದು ಕೇಳಿದರೆ ಅವರು ಚಹಾ ತರಲು ಹೇಳಿದರು. ಉತ್ತರ ಹುಡುಕುವುದು ನನ್ನ ಪಾಲಿಗೆ ಬಂತು.

ನಮ್ಮ ಭಾಗದಲ್ಲಿ ಸರಕಾರಕ್ಕೋ ಊರಿಗೋ ಕೊಡುವ ಹಣಕ್ಕೆ ‘ಪಟ್ಟಿ’ ಎನ್ನುತ್ತಾರೆ. ಮನೆಪಟ್ಟಿ, ನೀರಪಟ್ಟಿ, ಜಾತ್ರೆಯ ಪಟ್ಟಿ. ಜಾತ್ರೆ ಬಂತೆಂದರೆ ಹಿರಿಯರು ಕೂಡಿ ‘ಪಟ್ಟಿ ಎತ್ತುತ್ತಾರೆ’. ಯಾರಿಗೆ ಎಷ್ಟು ಆಗುತ್ತದೆ ಎಂಬುದು ಎತ್ತುವವರಿಗೂ ಗೊತ್ತು, ಕೊಡುವವರಿಗೂ ಗೊತ್ತು. ಕೊಟ್ಟದ್ದರ ಫಲ ಊರ ಕಣ್ಣೆದುರೇ ಇರುತ್ತದೆ.

ವಿಚಿತ್ರವೆಂದರೆ ಇಂಗ್ಲಿಷಿನ ‘ಲೆವಿ’ಯ ಮೂಲಾರ್ಥವೂ ಎತ್ತುವುದೇ. ಹಳೆಯ ಫ್ರೆಂಚಿನ ‘ಎತ್ತು’ ಎಂಬ ಕ್ರಿಯಾಪದದಿಂದ ಬಂದ ಪದ ಅದು. ಅದರ ಹಿಂದಿರುವ ಲ್ಯಾಟಿನ್ ಬೇರಿಗೆ ‘ಹಗುರ’ ಎಂಬ ಅರ್ಥವಿದೆ. ಸೈನ್ಯ ಎತ್ತುವುದಕ್ಕೂ ಹಣ ಎತ್ತುವುದಕ್ಕೂ ಇಂಗ್ಲಿಷಿನಲ್ಲಿ ಅದೇ ಪದ. ನೀರು ಹೊರಚೆಲ್ಲದಂತೆ ನದಿಯ ಪಕ್ಕ ಎತ್ತರಿಸಿದ ಏರಿಗೆ ‘ಲೆವೀ’ ಎನ್ನುತ್ತಾರಲ್ಲ, ಅದೂ ಇದರ ಸಹೋದರಿಯೇ. ಏರಿಯೂ ವಸೂಲಿಯೂ ಒಂದೇ ಬೇರಿನವು ಎಂಬುದನ್ನು ಆ ಹಿರಿಯರಿಗೆ ಹೇಳಿದ್ದರೆ ನಗುತ್ತಿದ್ದರೇನೋ. ನಮ್ಮ ‘ಲೇವಾದೇವಿ’ಗೂ ಇದಕ್ಕೂ ಸಂಬಂಧವಿಲ್ಲ, ಕಿವಿಗೆ ಮಾತ್ರ ನೆಂಟಸ್ತಿಕೆ. ಲೇವಾದೇವಿಯಲ್ಲಿ ಕೊಡುವುದೂ ಇದೆ, ತೆಗೆದುಕೊಳ್ಳುವುದೂ ಇದೆ. ಲೆವಿಯಲ್ಲಿ ತೆಗೆದುಕೊಳ್ಳುವುದು ಮಾತ್ರ.

ಈ ಪದ ನಮ್ಮ ಹಳ್ಳಿಗಳಿಗೆ ಬಂದದ್ದು ಕಾಲುವೆಯ ಜೊತೆಗಲ್ಲ, ಕಾಳಿನ ಜೊತೆಗೆ. ಬೆಳೆದದ್ದರಲ್ಲಿ ಇಂತಿಷ್ಟು ಧಾನ್ಯವನ್ನು ಸರಕಾರ ಹೇಳಿದ ಬೆಲೆಗೆ ಕೊಡಲೇಬೇಕು ಎಂಬ ನಿಯಮಕ್ಕೆ ಲೆವಿ ಎಂದು ಹೆಸರು. ಧಾರವಾಡ ಮುಂಬೈ ಪ್ರಾಂತದಲ್ಲಿದ್ದ 1940ರ ದಶಕದ ಅಭಾವದ ವರ್ಷಗಳಲ್ಲೂ ಅದು ಇತ್ತು, 1970ರ ದಶಕದಲ್ಲೂ ಇತ್ತು. ರೇಶನ್ ಅಂಗಡಿಯ ‘ಲೆವಿ ಸಕ್ಕರೆ’ ಇನ್ನೂ ಹಲವರ ನೆನಪಿನಲ್ಲಿದೆ. ಹೀಗಾಗಿ ಕಾಲುವೆ ಬರುವ ಹೊತ್ತಿಗೆ ಲೆವಿ ಎಂದರೆ ಏನೆಂದು ರೈತರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ: ಮನೆಗೆ ಬಂದು ಚೀಲ ಎತ್ತಿಕೊಂಡು ಹೋಗುವುದು.

ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ, 1970ರ ದಶಕದಲ್ಲಿ ಬಲದಂಡೆ ಕಾಲುವೆಯ ನೀರು ನವಲಗುಂದ, ನರಗುಂದಗಳ ಎರೆಹೊಲಗಳ ಕಡೆ ಹರಿಯತೊಡಗಿತು. ಜೊತೆಗೆ ಧಾರವಾಡದಲ್ಲೇ ರೂಪುಗೊಂಡ ವರಲಕ್ಷ್ಮಿ ಹತ್ತಿಯೂ ಬಂತು. ಬೀಜ, ಗೊಬ್ಬರ, ಎಣ್ಣೆಗೆಂದು ಸೊಸೈಟಿಗಳಲ್ಲಿ ಸಾಲ ಬೆಳೆಯಿತು. ಕೆಲವೇ ವರ್ಷಗಳಲ್ಲಿ ಹತ್ತಿಯ ಬೆಲೆ ಬಿತ್ತು. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಮುಟ್ಟಲಿಲ್ಲ; ಮುಟ್ಟಿದ ಕಡೆ ಕೆಲವೆಡೆ ಎರೆಮಣ್ಣು ಜವಳು ಹಿಡಿಯಿತು. ಬೆಟರ್‌ಮೆಂಟ್ ಲೆವಿಯ ನೋಟೀಸು ಬಂದದ್ದು ಇಂಥ ಹೊತ್ತಿನಲ್ಲಿ.

ಇಲ್ಲಿ ಕಾಯಿದೆಯ ಭಾಷೆಯನ್ನು ನೋಡಬೇಕು. 1957ರ ನೀರಾವರಿ ಕಾಯಿದೆಯ ಇಂಗ್ಲಿಷ್ ಹೆಸರಿನಲ್ಲಿ ‘ಲೆವಿ ಆಫ್ ಬೆಟರ್‌ಮೆಂಟ್ ಕಾಂಟ್ರಿಬ್ಯೂಶನ್ ಆ್ಯಂಡ್ ವಾಟರ್ ರೇಟ್’ ಎಂದಿದೆ. ಅಂದರೆ ಕಾಯಿದೆಯ ಪ್ರಕಾರ ರೈತ ಕೊಡುವುದು ಕಾಂಟ್ರಿಬ್ಯೂಶನ್, ವಂತಿಗೆ. ಲೆವಿ ಎಂಬುದು ಅದನ್ನು ವಿಧಿಸುವ ಕ್ರಿಯೆಯ ಹೆಸರು ಮಾತ್ರ. ಜನರ ಬಾಯಲ್ಲಿ ವಂತಿಗೆ ಉದುರಿಹೋಗಿ ವಿಧಿಸುವ ಕ್ರಿಯೆಯೇ ಉಳಿಯಿತು. ಇದನ್ನು ಅಪಭ್ರಂಶ ಎಂದು ನಾನು ಮೊದಲು ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ವಂತಿಗೆ ಎಂದರೆ ಪಟ್ಟಿ. ಇದು ಪಟ್ಟಿಯಲ್ಲ ಎಂದು ಜನ ಕಾಯಿದೆಯನ್ನು ಓದದೆಯೇ ತೀರ್ಮಾನಿಸಿದ್ದರು.

‘ಬೆಟರ್‌ಮೆಂಟ್’ ಎಂಬ ವಿಶೇಷಣದ್ದು ಬೇರೆಯದೇ ಚರಿತ್ರೆ. ಸಾರ್ವಜನಿಕ ಕೆಲಸದಿಂದ ಖಾಸಗಿ ಭೂಮಿಯ ಬೆಲೆ ಏರಿದರೆ ಆ ಏರಿಕೆಯಲ್ಲಿ ಸರಕಾರಕ್ಕೂ ಪಾಲು ಇರಬೇಕೆಂಬುದು ತತ್ತ್ವ. ಬ್ರಿಟನ್ನಿನ 1909ರ ನಗರ ಯೋಜನಾ ಕಾಯಿದೆ ಆ ಏರಿಕೆಯ ಅರ್ಧವನ್ನು ವಸೂಲು ಮಾಡಲು ಅವಕಾಶ ಕೊಟ್ಟಿತ್ತು. ತತ್ತ್ವದಲ್ಲಿ ಅನ್ಯಾಯವೇನಿಲ್ಲ, ಇದನ್ನು ಒಪ್ಪಲೇಬೇಕು. ಆದರೆ ಪೇಟೆಯ ನಿವೇಶನವನ್ನು ಮಾರಿದಾಗ ಬೆಲೆ ಕೈಗೆ ಸಿಗುತ್ತದೆ. ಹೊಲ ಮಾರುವುದನ್ನು ಅವಮಾನವೆಂದು ತಿಳಿಯುವವನಿಗೆ ಏರಿದ ಬೆಲೆ ಬರೀ ಕಾಗದದ್ದು. ನೀರೇ ಮುಟ್ಟದ ಹೊಲದವನಿಗೆ ಅದೂ ಇಲ್ಲ. ಪಂಜಾಬಿನಲ್ಲಿ ಭಾಕ್ರಾ ಕಾಲುವೆಯ ರೈತರು 1959ರಲ್ಲೇ ಇದೇ ಹೆಸರಿನ ಲೆವಿಯ ವಿರುದ್ಧ ಹೋರಾಡಿ ಸಾವಿರಾರು ಜನ ಜೈಲು ಸೇರಿದ್ದರು. ಇಪ್ಪತ್ತು ವರ್ಷಗಳಾದರೂ ಆ ಪಾಠ ನಮ್ಮ ಕಡತಗಳನ್ನು ತಲುಪಿರಲಿಲ್ಲ.

ಮಲಪ್ರಭಾ ಪ್ರದೇಶದ ರೈತರು ಸಮನ್ವಯ ಸಮಿತಿ ಕಟ್ಟಿಕೊಂಡರು. ನೀರಿನ ದರದ ಬಗ್ಗೆಯೂ ಅವರ ತಕರಾರಿತ್ತು, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಅದು ಎಷ್ಟು ಎಂಬ ತಕರಾರು. ಲೆವಿಯ ವಿಷಯದಲ್ಲಿ ಯಾತಕ್ಕೆ ಎಂಬುದೇ ಪ್ರಶ್ನೆ. 1980ರ ಜುಲೈ 21ರಂದು ಬಂದ್ ಕರೆಯಿದ್ದ ದಿನ ಗೋಲಿಬಾರ್ ನಡೆದು ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ ಪ್ರಾಣ ಕಳೆದುಕೊಂಡರು. ನರಗುಂದದಲ್ಲಿ ಉದ್ರಿಕ್ತ ಗುಂಪಿನ ಕೈಯಲ್ಲಿ ಪೊಲೀಸರೂ ಸತ್ತರು. ಆ ಸಾವುಗಳನ್ನು ನಮ್ಮ ಭಾಷಣಗಳು ಸಾಮಾನ್ಯವಾಗಿ ದಾಟಿಕೊಂಡು ಹೋಗುತ್ತವೆ. ಚಳವಳಿ ರಾಜ್ಯದ ತುಂಬ ಹಬ್ಬಿತು, ಗುಂಡೂರಾವ್ ಸರಕಾರ ರಿಯಾಯಿತಿಗಳನ್ನು ಘೋಷಿಸಬೇಕಾಯಿತು, ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. 1983ರ ಚುನಾವಣೆಯಲ್ಲಿ ಆ ಸರಕಾರ ಹೋಯಿತು. ಇದೆಲ್ಲ ಬೇಕಾದಷ್ಟು ಕಡೆ ಬರೆದಾಗಿದೆ.

ನನಗೆ ಕಾಡಿದ್ದು ಚಿಕ್ಕ ಸಂಗತಿ. ‘ಕರ’ ಎಂದು ಬರೆದರೆ ಈ ರೈತರು ಕರ ನಿರಾಕರಿಸಿದವರಾಗುತ್ತಾರೆ. ಆಡಳಿತದ ವಾದಕ್ಕೆ ನನ್ನ ಕನ್ನಡದ ಪದ ಸುಮ್ಮನೆ ಸಾಕ್ಷಿ ನುಡಿಯುತ್ತಿತ್ತು. ಇನ್ನು ‘ಅಭಿವೃದ್ಧಿ’ ಎಂದರಂತೂ ಅಭಿವೃದ್ಧಿ ಆಗಿತ್ತೆಂದು ಮೊದಲೇ ಒಪ್ಪಿಕೊಂಡಂತೆ. ಅವರು ಅಲ್ಲಗಳೆದದ್ದೇ ಅದನ್ನು.

ಕರಡಿನಲ್ಲಿ ಎಲ್ಲ ಕಡೆ ಲೆವಿಯನ್ನು ಮತ್ತೆ ಹಾಕಿದೆ. ಪದಕೋಶಕ್ಕೆ ಅರ್ಥ ಕೊಡಬೇಕು ಎಂದರು ಮಾರ್ಗದರ್ಶಕರು. ಅವರು ಹೇಳಿದ್ದು ಸರಿ, ಏಕೆಂದರೆ ಪದ ಈಗ ಬಳಕೆ ತಪ್ಪುತ್ತಿದೆ. ಸಕ್ಕರೆಯ ಲೆವಿಯೂ 2013ರಲ್ಲಿ ರದ್ದಾಯಿತು. ಕಳೆದ ಸಲ ಜುಲೈ 21ರ ರೈತ ಹುತಾತ್ಮ ದಿನಕ್ಕೆ ಹೋದಾಗ ಮೈಕಿನಲ್ಲಿ ಹೆಚ್ಚು ಕೇಳಿದ್ದು ಮಹದಾಯಿ, ಕಳಸಾ-ಬಂಡೂರಿ, ಬೆಳೆವಿಮೆ. ನನ್ನ ಪಕ್ಕ ನಿಂತಿದ್ದ ಕಾಲೇಜು ಹುಡುಗ ನನ್ನ ಟಿಪ್ಪಣಿ ಪುಸ್ತಕ ಇಣುಕಿ ನೋಡಿ, “ಲೆವಿ ಅಂದ್ರ ಏನ್ರೀ ಅಕ್ಕಾರ?” ಎಂದು ಕೇಳಿದ. ಪಟ್ಟಿಯಿಂದಲೇ ಶುರು ಮಾಡಿ ಹೇಳತೊಡಗಿದೆ.