ವೈರಸ್‌ನಿಂದ ಹರಡುವ ಕಣ್ಣುಬೇನೆ

ಬಿಳಿಗುಡ್ಡೆಯನ್ನೂ ರೆಪ್ಪೆಯ ಒಳಮೈಯನ್ನೂ ಹೊದ್ದಿರುವ ತೆಳುಪೊರೆಗೆ ವೈರಸ್ ತಗುಲಿ ಬರುವ ಸೋಂಕು ಇದು. ಕರ್ನಾಟಕದಲ್ಲಿ ‘ಮದ್ರಾಸ್ ಐ’ ಎಂದರೆ ಎಲ್ಲರಿಗೂ ಗೊತ್ತು. ಬಹುಪಾಲು ಪ್ರಕರಣಗಳಿಗೆ ಅಡಿನೊವೈರಸ್ ಕಾರಣ.

ವೈರಸ್ ಎಂಬುದು ಇನ್ನೂ ಪತ್ತೆಯಾಗಿರದ 1889ರಲ್ಲಿ ವಿಯೆನ್ನಾದ ನೇತ್ರವೈದ್ಯ ಅರ್ನ್‌ಸ್ಟ್ ಫುಕ್ಸ್, ಕಣ್ಣು ಕೆಂಪೇರಿದ ಬಳಿಕ ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದಲ್ಲಿ ಮೂಡುವ ಚುಕ್ಕೆಗಳನ್ನು ವಿವರಿಸಿದ್ದ. ಮದರಾಸಿನಲ್ಲಿ ಕಂಡ ಅಂಥದೇ ಪಿಡುಗಿನ ವರದಿಯನ್ನು ನೇತ್ರವೈದ್ಯ ಹೆನ್ರಿ ಕರ್ಕ್‌ಪ್ಯಾಟ್ರಿಕ್ 1920ರಲ್ಲಿ ಪ್ರಕಟಿಸಿದ.

ಬೇನೆ ಹರಡುವ ಬಗೆ ಬಯಲಾದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಪರ್ಲ್ ಹಾರ್ಬರ್‌ನಲ್ಲಿ ಕಾಣಿಸಿಕೊಂಡು ಅಮೆರಿಕದ ಪಶ್ಚಿಮ ಕರಾವಳಿಯ ಹಡಗು ಕಾರ್ಖಾನೆಗಳಿಗೆ ನುಗ್ಗಿದ ಈ ಪಿಡುಗು ಸಾವಿರಾರು ಕೆಲಸಗಾರರನ್ನು ಕಾಡಿತು. ಕಣ್ಣಿಗೆ ಬಿದ್ದ ಲೋಹದ ಚೂರು ತೆಗೆಸಲು ಅವರು ಚಿಕಿತ್ಸಾಲಯಕ್ಕೆ ಹೋಗುತ್ತಿದ್ದರು. ವೈದ್ಯರ ಬೆರಳು, ಸಲಕರಣೆ, ಎಲ್ಲರಿಗೂ ಹಾಕುವ ಒಂದೇ ಹನಿಮದ್ದಿನ ಬಾಟಲಿ ಇವುಗಳಿಂದಲೇ ಸೋಂಕು ಹೊತ್ತು ಮರಳುತ್ತಿದ್ದರು. ಚಿಕಿತ್ಸೆಗೆ ಹೋಗಿ ರೋಗ ತಂದುಕೊಂಡರೆಂದರೆ ತಪ್ಪಿಲ್ಲ. 1953ರಲ್ಲಿ ಅಡಿನೊವೈರಸ್ ಪತ್ತೆಯಾಯಿತು. ಕಾರ್ನಿಯಾವನ್ನೂ ಬಾಧಿಸುವ ಈ ಬೇನೆಗೆ ಅದರ 8ನೇ ಬಗೆ ಕಾರಣವೆಂದು ಅರ್ನೆಸ್ಟ್ ಜಾವೆಟ್ಸ್ ತಂಡ 1955ರಲ್ಲಿ ತೋರಿಸಿತು.

1969ರಲ್ಲಿ ಘಾನಾದಲ್ಲಿ ಕಣ್ಣಿನ ತೆಳುಪೊರೆಯಡಿ ರಕ್ತ ಒಸರುವ ಇನ್ನೊಂದು ಬಗೆಯ ಕಣ್ಣುಬೇನೆ ಎದ್ದಿತು. ಮನುಷ್ಯ ಚಂದ್ರನ ಮೇಲೆ ಇಳಿದ ವರ್ಷವಾದ್ದರಿಂದ ಜನ ಅದಕ್ಕೆ ‘ಅಪೊಲೊ’ ಎಂದರು. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಬಂದಾಗ ಕಲ್ಕತ್ತೆಯಲ್ಲಿ ಅದೇ ‘ಜಯ್ ಬಾಂಗ್ಲಾ’ ಆಯಿತು. ರಕ್ತ ಒಸರುವ ಈ ಬಗೆಗೆ ಕಾರಣ ಎಂಟೆರೊವೈರಸ್ 70 ಮತ್ತು ಕಾಕ್ಸಾಕಿ ಎ24 ಎಂಬ ವೈರಸ್‌ಗಳು.

ರೋಗಪತ್ತೆ ಇಂದಿಗೂ ಬಹುಮಟ್ಟಿಗೆ ವೈದ್ಯರ ಕಣ್ಣಳತೆಯದೇ: ನೀರು ಸುರಿಸುವ ಕೆಂಗಣ್ಣು, ರೆಪ್ಪೆಯ ಒಳಗೆ ಸಣ್ಣ ಗುಳ್ಳೆಗಳು, ಕಿವಿಯ ಮುಂದೆ ಊದಿದ ಗ್ರಂಥಿ. ಹಿಂದೆ ವೈರಸ್ ಬೆಳೆಸಿ ನೋಡಲು ವಾರಗಳೇ ಹಿಡಿಯುತ್ತಿದ್ದವು; ಈಗ ಪಿಸಿಆರ್ ಪರೀಕ್ಷೆ ಕೆಲವೇ ಗಂಟೆಗಳಲ್ಲಿ ಹೇಳುತ್ತದೆ.

ಮದ್ದಿನ ಕಥೆ ವಿಚಿತ್ರವಾದದ್ದು. ಮನುಷ್ಯರಲ್ಲಿ ಗೆದ್ದ ಮೊದಲ ವೈರಸ್‌ನಿರೋಧಕಗಳಲ್ಲಿ ಒಂದಾದ ಐಡಾಕ್ಸಿಯುರಿಡಿನ್, 1962ರಲ್ಲಿ ಯಶಸ್ಸು ಕಂಡದ್ದು ಕಣ್ಣಿನಲ್ಲೇ, ಹರ್ಪಿಸ್ ವೈರಸ್ ಸೋಂಕಿನ ಮೇಲೆ. ಅಡಿನೊವೈರಸ್‌ಗೆ ಮಾತ್ರ ಅಂಥ ಮದ್ದು ಇನ್ನೂ ಸಿಕ್ಕಿಲ್ಲ. ತಣ್ಣನೆಯ ಬಟ್ಟೆ, ಕೃತಕ ಕಣ್ಣೀರು, ಒಂದೆರಡು ವಾರದ ತಾಳ್ಮೆ, ಇಷ್ಟೇ. ಆಂಟಿಬಯಾಟಿಕ್ ಹನಿ ವೈರಸ್ಸನ್ನು ಮುಟ್ಟುವುದಿಲ್ಲ. ಆದರೂ ಔಷಧದಂಗಡಿಯಲ್ಲಿ ಮೊದಲು ಕೈಗೆ ಸಿಗುವುದು ಅದೇ.

ಸೋಂಕಿತರನ್ನು ನೋಡಿದ ಮಾತ್ರಕ್ಕೆ ಬೇನೆ ಅಂಟದು. ಅಂಟಿಸುವುದು ಕೈ, ಟವೆಲ್, ದಿಂಬು. 2023ರ ಮಳೆಗಾಲದಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ಬೇನೆ ಹಬ್ಬಿದಾಗ ವೈದ್ಯರು ಹೇಳಿದ್ದೂ ಸೋಪಿನಿಂದ ಕೈ ತೊಳೆಯುವ ಮಾತೇ. ಸ್ಟೆರಾಯ್ಡ್ ಹನಿಯನ್ನು ಮಾತ್ರ ತಜ್ಞರ ಚೀಟಿಯಿಲ್ಲದೆ ಹಾಕಬಾರದು: ಕೆಂಪಿಗೆ ಕಾರಣ ಹರ್ಪಿಸ್ ಆಗಿದ್ದರೆ ದೃಷ್ಟಿಗೇ ಕುತ್ತು.