ಆ ಕಲ್ಲನ್ನು ಬಚ್ಚಲಿಗೆ ಎಸೆಯಬೇಡಿ

ನಮ್ಮೂರು ಕೊಳ್ಳೇಗಾಲದ ಹತ್ತಿರದ ಕುಂತೂರು. ಸುತ್ತ ಕಬ್ಬು, ಪಕ್ಕದಲ್ಲೇ ಸಕ್ಕರೆ ಕಾರ್ಖಾನೆ. ಅಪ್ಪನಿಗೆ ಒಂಬತ್ತು ವರ್ಷದಲ್ಲಿ ಮೂರು ಸಲ ಕಿಡ್ನಿ ಕಲ್ಲು ಬಂತು. ಬಾಳೆದಿಂಡಿನ ರಸ, ಹುರುಳಿಕಟ್ಟು ಎಲ್ಲಾ ಆಯ್ತು. ಪ್ರತಿ ಸಲವೂ ಕಲ್ಲು ಬಿದ್ದಾಗ, "ಹೋಯ್ತಲ್ಲ, ಬುಡು ಮಗ" ಅಂತ ಬಚ್ಚಲಿಗೆ ಎಸೆದರು. ನಾನು ಕಾಮರ್ಸ್ ಓದಿದವನು. ಲೆಕ್ಕ ಮತ್ತೆ ಮತ್ತೆ ತಪ್ಪಿದರೆ ಮೂಲ ವೋಚರ್ ಹುಡುಕಬೇಕು. ಇಲ್ಲಿ ವೋಚರ್ ಅಂದ್ರೆ ಆ ಕಲ್ಲೇ.

ಇದು ಹಳೇ ಕಾಯಿಲೆ. ಸುಶ್ರುತ ಸಂಹಿತೆ ಇದನ್ನು ಅಶ್ಮರಿ ಅಂತ ಕರೆದು, ನಾಲ್ಕು ಬಗೆ ಹೇಳಿ, ಮೂತ್ರಕೋಶದ ಕಲ್ಲನ್ನು ಕೊಯ್ದು ತೆಗೆಯುವುದನ್ನೂ ವಿವರಿಸುತ್ತೆ. ಕಲ್ಲು ಯಾವುದರಿಂದ ಆಗಿದೆ ಅಂತ ರಸಾಯನಶಾಸ್ತ್ರ ಕೇಳಿದ್ದು ಎಷ್ಟೋ ಕಾಲದ ನಂತರ. 1810ರಲ್ಲಿ ಇಂಗ್ಲೆಂಡಿನ ವಿಲಿಯಂ ಹೈಡ್ ವೊಲಾಸ್ಟನ್ ಒಂದು ಅಪರೂಪದ ಕಲ್ಲನ್ನು ಪರೀಕ್ಷಿಸಿ ಹೊಸ ವಸ್ತುವೊಂದನ್ನು ಕಂಡರು. ಅದೇ ಇವತ್ತಿನ ಸಿಸ್ಟಿನ್. 1908ರಲ್ಲಿ ಆರ್ಚಿಬಾಲ್ಡ್ ಗ್ಯಾರಡ್, ಸಿಸ್ಟಿನ್ ಮೂತ್ರಕ್ಕೆ ಹೋಗುವುದು ಹುಟ್ಟಿನಿಂದಲೇ ಬರುವ ದೋಷ ಎಂದರು. ಅಂದರೆ ಕಲ್ಲಿನ ಬೇರು ದೇಹದ ಲೆಕ್ಕದಲ್ಲೇ ಇರಬಹುದು.

1950ರಲ್ಲಿ ಇನ್ನೊಂದು ತಿರುವು. ನ್ಯೂಯಾರ್ಕಿನಲ್ಲಿ ವೈರಸ್‌ಗಳ ಮೇಲೆ ಕೆಲಸ ಮಾಡ್ತಿದ್ದ ಟ್ಯಾಮ್ ಮತ್ತು ಹಾರ್ಸ್‌ಫಾಲ್ ಮೂತ್ರದಿಂದ ಒಂದು ಪ್ರೋಟೀನ್ ಬೇರ್ಪಡಿಸಿದರು. ಈಗ ಅದರ ಹೆಸರು ಯುರೋಮಾಡ್ಯುಲಿನ್. ಆರೋಗ್ಯವಂತ ಕಿಡ್ನಿಯೇ ಅದನ್ನು ತಯಾರಿಸುತ್ತೆ. ಸಾಮಾನ್ಯವಾಗಿ ಹರಳುಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತೆ. ಹಾಗಂತ ರಿಪೋರ್ಟಿನಲ್ಲಿ ಪ್ರೋಟೀನ್ ಕಂಡರೆ ಸುಮ್ಮನಿರಬೇಡಿ. ಪಟ್ಟಿ ಅದ್ದಿ ನೋಡೋ ಪರೀಕ್ಷೆ ಮುಖ್ಯವಾಗಿ ಹಿಡಿಯುವುದು ಅಲ್ಬುಮಿನ್ ಅನ್ನು. ಅದು ಸೋರುತ್ತಿದ್ದರೆ ಡಾಕ್ಟರ್ ನೋಡಲೇಬೇಕು.

ಮರುಕಳಿಸುವ ಕಲ್ಲಿನ ಹಿಂದೆ ಮೂತ್ರದಲ್ಲಿ ಹೆಚ್ಚಾದ ಕ್ಯಾಲ್ಸಿಯಂ, ಆಕ್ಸಲೇಟ್, ಯೂರಿಕ್ ಆಮ್ಲ ಇರಬಹುದು. ಹರಳು ತಡೆಯುವ ಸಿಟ್ರೇಟ್ ಕಡಿಮೆ ಇರಬಹುದು. ಇವನ್ನೆಲ್ಲ ತಿಳಿಯೋಕೆ 24 ಗಂಟೆಯ ಮೂತ್ರವನ್ನು ಕ್ಯಾನಿನಲ್ಲಿ ಹಿಡಿದು ಪರೀಕ್ಷೆ ಮಾಡಿಸ್ತಾರೆ. ಮೊನ್ನೆ ಅಪ್ಪನಿಗೂ ಮಾಡಿಸಿದೆ. ಇಡೀ ದಿನಕ್ಕೆ ಬಂದದ್ದು ಬರೀ 800 ಮಿಲಿ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಒಂದು ಚೊಂಬು ನೀರಿನಲ್ಲಿ ಕಬ್ಬಿನ ಗದ್ದೆ ಕೆಲಸ!

1996ರಲ್ಲಿ ಇಟಲಿಯ ಬೋರ್ಗಿ ತಂಡ, ಮೊದಲ ಸಲ ಕಲ್ಲು ಬಂದ 199 ಜನರನ್ನು ಐದು ವರ್ಷ ನೋಡಿದ ಫಲಿತಾಂಶ ಪ್ರಕಟಿಸಿತು. ಹೆಚ್ಚು ನೀರು ಕುಡಿದವರಲ್ಲಿ ನೂರಕ್ಕೆ 12 ಜನರಿಗೆ ಕಲ್ಲು ಮತ್ತೆ ಬಂತು, ಉಳಿದವರಲ್ಲಿ 27 ಜನರಿಗೆ.

ಅಪ್ಪನ ಮೂರೂ ಕಲ್ಲು ಬಚ್ಚಲ ಪಾಲಾದವು. ಯಾವ ಬಗೆಯವು ಅಂತ ಇನ್ನು ಯಾರೂ ಹೇಳಲಾರರು. ನಿಮ್ಮ ಮನೇಲಿ ಯಾರಿಗಾದರೂ ಕಲ್ಲು ಬಿದ್ದರೆ ಒಂದು ಡಬ್ಬಿಗೆ ಹಾಕಿ, ಡಾಕ್ಟರ್ ಹತ್ತಿರ ತಗೊಂಡು ಹೋಗಿ.